ಗೇಟು ದಾಟಿದ ರೋಗಿ

ಮಾರ್ಚ್ ಹತ್ತನೇ ತಾರೀಕು ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆ. ಕುಂಬಳೆ ಸಮೀಪದ ನರ್ಸಿಂಗ್ ಕಾಲೇಜೊಂದರ ಪ್ರಿನ್ಸಿಪಾಲ್ ಶ್ರೀರಂಜಿನಿ ಮೇಡಂ ಏದುಸಿರು ಬಿಡುತ್ತ ಠಾಣೆಯ ಮೆಟ್ಟಿಲು ಹತ್ತಿ ಬಂದು, ತಮ್ಮಲ್ಲಿದ್ದ ರೋಗಿಯನ್ನು ಯಾರೋ ಕದ್ದುಕೊಂಡು ಹೋಗಿದ್ದಾರೆ ಎಂದರು. ಬರೆದುಕೊಳ್ಳಲು ಕೂತಿದ್ದ ಹಿರಿಯ ಪೊಲೀಸ್ ಮುದ್ದಣ್ಣ ಗಾಬರಿಯಾಗಿ ವಯಸ್ಸು ಕೇಳಿದ. ಹನ್ನೊಂದು ಎಂದರು ಮೇಡಂ. ಮಗುವೇ ಅಂದ ಅವನು. ಅಲ್ಲ, ಗೊಂಬೆ, ಕೊಂಡು ತಂದು ಹನ್ನೊಂದು ವರ್ಷವಾಯಿತು ಎಂದರು ಮೇಡಂ. ಮುದ್ದಣ್ಣ ಪೆನ್ನು ಕೆಳಗಿಟ್ಟು ಒಳಗಿನ ಕೋಣೆಯತ್ತ ನೋಡಿದ.

ಒಳಗೆ ಕೂತಿದ್ದ ಇನ್‌ಸ್ಪೆಕ್ಟರ್ ಗಣೇಶಪ್ರಸಾದರು ಎದ್ದೇ ಬಂದರು. ಹೆದ್ದಾರಿ ಪಕ್ಕದ ಠಾಣೆಯಲ್ಲಿ ಕಳವಿನ ದೂರಿಗೆ ಬರವೆಂಬುದಿಲ್ಲ. ಬೈಕು, ಸರ, ಸುಲಿದಿಟ್ಟ ಅಡಿಕೆ, ದೇವಸ್ಥಾನದ ಕಾಣಿಕೆ ಹುಂಡಿ ಎಲ್ಲವನ್ನೂ ಅವರು ಕಂಡಿದ್ದರು. ಆಳೆತ್ತರದ ರಬ್ಬರ್ ಗೊಂಬೆಯನ್ನು ಕದಿಯುವವನನ್ನು ಮಾತ್ರ ಕಂಡಿರಲಿಲ್ಲ. ಯಾರಿಗೆ ಬೇಕು ಅದು? ಮಾರುವುದಾದರೂ ಎಲ್ಲಿ? ಅವರಿಗೆ ಕುತೂಹಲ ತಡೆಯಲಾಗಲಿಲ್ಲ.

ಮೇಡಂ ಹೇಳಿದ್ದಿಷ್ಟು. ವಿದ್ಯಾರ್ಥಿಗಳು ಇಂಜೆಕ್ಷನ್ ಚುಚ್ಚಲು, ಗಾಯಕ್ಕೆ ಡ್ರೆಸ್ಸಿಂಗ್ ಮಾಡಲು ಕಲಿಯುವುದು ಆ ಗೊಂಬೆಯ ಮೇಲೆ. ಇಡೀ ದೇಹದ ಗೊಂಬೆ ಕಾಲೇಜಿಗೆ ಇರುವುದು ಅದೊಂದೇ. ಶುಕ್ರವಾರ ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆ, ಅದೂ ಅದರ ಮೇಲೆಯೇ. ನಿನ್ನೆ ಸಂಜೆ ಪ್ರಯೋಗಶಾಲೆಗೆ ಬೀಗ ಹಾಕುವಾಗ ಮಂಚದ ಮೇಲಿನ ಹೊದಿಕೆ ಉಬ್ಬಿದಂತೆಯೇ ಇತ್ತು. ಇವತ್ತು ಹೊದಿಕೆ ತೆಗೆದರೆ ಒಳಗೆ ಎರಡು ದಿಂಬು.

ಎಫ್‌ಐಆರ್ ದಾಖಲಾಯಿತು. ನಗಬಾರದೆಂದು ತುಟಿ ಕಚ್ಚಿಕೊಂಡು ಬರೆದ ಮುದ್ದಣ್ಣ, ಮೇಡಂ ಮೆಟ್ಟಿಲಿಳಿದ ಕೂಡಲೇ ಹೊಟ್ಟೆ ಹಿಡಿದುಕೊಂಡು ನಕ್ಕ.

ಹನ್ನೊಂದು ಗಂಟೆಗೆ ಇನ್‌ಸ್ಪೆಕ್ಟರು, ಮುದ್ದಣ್ಣ, ಮಹಿಳಾ ಪೊಲೀಸ್ ಅಶ್ಮಿತಾ ಮೂವರೂ ಕಾಲೇಜಿನಲ್ಲಿದ್ದರು. ಇಬ್ಬರು ಪಂಚರ ಎದುರು ಮಹಜರು ನಡೆಯಿತು. ಬೀಗ ಒಡೆದಿರಲಿಲ್ಲ, ಕಿಟಕಿಯ ಸರಳು ಬಾಗಿರಲಿಲ್ಲ. ಅಂದರೆ ಬೀಗ ಬೀಳುವ ಮೊದಲೇ, ಹಗಲಲ್ಲೇ, ಎಲ್ಲರ ಕಣ್ಣೆದುರೇ ಗೊಂಬೆ ಹೊರಗೆ ಹೋಗಿದೆ. ಕಾಲೇಜಿಗೂ ಅದಕ್ಕೆ ಸೇರಿದ ಆಸ್ಪತ್ರೆಗೂ ಇರುವುದು ಒಂದೇ ಗೇಟು. ಆ ಗೇಟಿನಲ್ಲಿ ಕಾವಲಿಗೆ ಕೂರುವವನು ಬಟ್ಯ ಎಂಬ ಅರುವತ್ತು ದಾಟಿದ ಮನುಷ್ಯ.

ಬಟ್ಯನನ್ನು ಕರೆಸಿ ಕೇಳಿದರು.

"ನಿನ್ನೆ ಮಧ್ಯಾಹ್ನದ ಮೇಲೆ ದೊಡ್ಡ ಸಾಮಾನು ಎಂತಾದರೂ ಹೊರಗೆ ಹೋಯಿತಾ?"

"ಇಲ್ಲ ಸಾರ್."

"ಗೋಣಿ? ಪೆಟ್ಟಿಗೆ? ಸುರುಳಿ ಸುತ್ತಿದ ಹಾಸಿಗೆ?"

"ಒಂದು ಕಡ್ಡಿ ಸಹ ಹೋಗಲಿಲ್ಲ. ನನ್ನ ಕಣ್ಣು ತಪ್ಪಿಸಿ ಹೋಗ್ಲಿಕ್ಕೆ ಉಂಟಾ?"

ಮೊದಲ ಅನುಮಾನ ಪರೀಕ್ಷೆಗೆ ಹೆದರಿದ ಹುಡುಗಿಯರ ಮೇಲೆ ಹೋದದ್ದು ಸಹಜ. ಗೊಂಬೆಯಿಲ್ಲದಿದ್ದರೆ ಪರೀಕ್ಷೆ ಮುಂದಕ್ಕೆ ಹೋಗುತ್ತದಲ್ಲ! ಅಶ್ಮಿತಾ ಹಾಸ್ಟೆಲಿನ ಕೋಣೆಗಳನ್ನೆಲ್ಲ ಜಾಲಾಡಿದಳು. ಸಿಕ್ಕಿದ್ದು ಉಪ್ಪಿನಕಾಯಿ ಭರಣಿ, ಕದ್ದುಮುಚ್ಚಿ ತಂದಿಟ್ಟ ಕರೆಂಟಿನ ಕೆಟಲು, ಅತ್ತು ಅತ್ತು ಕಣ್ಣು ಊದಿಸಿಕೊಂಡ ಹುಡುಗಿಯರು. ಪರೀಕ್ಷೆ ಬೇಗ ಮುಗಿದರೆ ಸಾಕು ಎನ್ನುವವರೇ ಎಲ್ಲರೂ.

ಉಳಿದದ್ದು ಗೇಟಿನ ಕ್ಯಾಮರಾ. ಮೇಡಂ ಕೋಣೆಯಲ್ಲಿ ಕೂತು ಗಣೇಶಪ್ರಸಾದರು ಸೋಮವಾರ ಮಧ್ಯಾಹ್ನದ ದೃಶ್ಯಗಳನ್ನು ನೋಡತೊಡಗಿದರು. ಆಂಬುಲೆನ್ಸ್ ಬಂತು, ಹಾಲಿನ ಗಾಡಿ ಹೋಯಿತು, ಊಟದ ಬುತ್ತಿ ಹಿಡಿದವರು ಬಂದರು, ಬಿಡುಗಡೆಯಾದ ರೋಗಿಗಳು ಹೋದರು. ಮುದ್ದಣ್ಣ ಆಕಳಿಸಿದ. ಎರಡನೇ ಸಲ ನೋಡುವಾಗ ಇನ್‌ಸ್ಪೆಕ್ಟರ ಕೈ ಒಂದು ಕಡೆ ನಿಂತಿತು. ಬಿಳಿ ಕೋಟು, ಮಾಸ್ಕು, ಟೊಪ್ಪಿ ಹಾಕಿದ ನರ್ಸೊಬ್ಬಳು ಗಾಲಿಕುರ್ಚಿ ತಳ್ಳಿಕೊಂಡು ಬರುತ್ತಿದ್ದಾಳೆ. ಕುರ್ಚಿಯಲ್ಲಿ ನೈಟಿ ತೊಟ್ಟು, ಮೈತುಂಬ ಶಾಲು ಹೊದ್ದು, ಮುಖಕ್ಕೂ ಮಾಸ್ಕು ಹಾಕಿದ ಹೆಂಗಸು. ಆ ಹೆಂಗಸು ಒಮ್ಮೆಯೂ ಅಲುಗಾಡಲಿಲ್ಲ.

ಗೇಟಿನ ಹತ್ತಿರ ರೋಗಿಯನ್ನು ಎತ್ತಿ ಆಟೋದೊಳಗೆ ಕೂರಿಸಲು ಕೈಕೊಟ್ಟವನು ಯಾರು? ಸಾಕ್ಷಾತ್ ಬಟ್ಯನೇ! ಅವನನ್ನು ಕರೆಸಿ ತೋರಿಸಿದರು. ಬಟ್ಯ ತನ್ನನ್ನೇ ತಾನು ನೋಡಿ ಕಕ್ಕಾಬಿಕ್ಕಿಯಾದ.

"ಕಾಲು ಹಿಡಿದು ಎತ್ತಿದ್ದು ನೀವೇ ಅಲ್ವಾ? ಗೊತ್ತಾಗಲಿಲ್ವಾ?"

"ಮರದ ಹಾಗೆ ಇತ್ತು ಸಾರ್, ತಣ್ಣಗೆ. ಪಾಪ, ಲಕ್ವ ಹೊಡೆದದ್ದು ಅಂತ ಗ್ರಹಿಸಿದೆ. ಬೇಗ ಗುಣವಾಗಲಿ ಅಂತ ಹೇಳಿದೆ ಸಹ."

ಮುದ್ದಣ್ಣ ನಗು ತಡೆಯಲಾರದೆ ಹೊರಗೆ ಹೋದ. ಗಣೇಶಪ್ರಸಾದರಿಗೆ ಮಾತ್ರ ನಗು ಬರಲಿಲ್ಲ. ಅವರು ಗೇಟಿಗಿಂತ ಹಿಂದಿನ ತುಣುಕನ್ನು ಮತ್ತೆ ಮತ್ತೆ ನೋಡುತ್ತಿದ್ದರು. ಆಸ್ಪತ್ರೆಯ ಬಾಗಿಲಿಂದ ಅಂಗಳಕ್ಕೆ ಇಳಿಯಲು ಒಂದು ಇಳಿಜಾರು ಉಂಟು. ಅಲ್ಲಿ ಆ ನರ್ಸು ಕುರ್ಚಿಯನ್ನು ತಿರುಗಿಸಿ, ತಾನು ಹಿಂದೆ ಹಿಂದೆ ಹೆಜ್ಜೆಯಿಡುತ್ತ ನಿಧಾನವಾಗಿ ಇಳಿಸಿದಳು. ಕೆಳಗಿಳಿದ ಮೇಲೆ ಬಿಸಿಲು ನೇರ ಮುಖಕ್ಕೆ ಬಿತ್ತು. ಅವಳು ನಿಂತು, ಶಾಲಿನ ಸೆರಗನ್ನು ಗೊಂಬೆಯ ಹಣೆಯ ಮೇಲೆ ಎಳೆದು ಕಣ್ಣಿಗೆ ನೆರಳು ಮಾಡಿ, ಆಮೇಲೆ ಮುಂದೆ ಹೋದಳು. ಅಂಗಳದಲ್ಲಿ ಆಗ ಒಂದು ನರಪಿಳ್ಳೆಯೂ ಇರಲಿಲ್ಲ. ಯಾರಿಗೆ ತೋರಿಸಲು ಈ ಉಪಚಾರ? ಕದ್ದವರಾದರೆ ಕಾಲಿಗೆ ಬುದ್ಧಿ ಹೇಳುವ ಹೊತ್ತು ಅದು. ಇವಳು ರಬ್ಬರ್ ಕಣ್ಣಿಗೆ ಬಿಸಿಲು ತಾಗುತ್ತದೆಂದು ನಿಂತಿದ್ದಾಳೆ.

ಅವರು ಮೇಡಂರನ್ನು ಕೇಳಿದರು. "ನಿಮ್ಮ ಮಕ್ಕಳೆಲ್ಲ ಕುರ್ಚಿಯನ್ನು ಹೀಗೇ ಇಳಿಸುದಾ?"

"ಕಲಿಸುವುದು ಹೀಗೇ. ಆದರೆ ಅವಸರದಲ್ಲಿ ಎಲ್ಲರೂ ಮುಂದಕ್ಕೇ ತಳ್ತಾರೆ, ದಿನಾ ಬೈಯ್ತೇನೆ. ಮರೆಯದೆ ತಿರುಗಿಸುವವಳು ಒಬ್ಬಳೇ..." ಮೇಡಂ ಅಷ್ಟಕ್ಕೇ ನಿಲ್ಲಿಸಿದರು. ಪರದೆಯನ್ನು ಹತ್ತಿರದಿಂದ ನೋಡಿ ಕುರ್ಚಿಯಲ್ಲಿ ಹಿಂದಕ್ಕೊರಗಿದರು. "ಮನೋರಮಾ," ಎಂದರು.

ಮನೋರಮಾ ವರ್ಕಾಡಿಯವಳು, ಮೂವತ್ತೆಂಟು ವರ್ಷ, ತರಗತಿಗೆಲ್ಲ ಹಿರಿಯಳು. ಉಳಿದವರು ಪ್ಲಸ್ ಟೂ ಮುಗಿಸಿ ನೇರ ಬಂದವರಾದರೆ ಇವಳು ಎರಡು ವರ್ಷದ ಸಹಾಯಕ ನರ್ಸ್ ತರಬೇತಿ ಮಾಡಿಕೊಂಡು, ಮಂಜೇಶ್ವರ ಕಡೆಯ ಒಂದು ಆಸ್ಪತ್ರೆಯಲ್ಲಿ ಹದಿಮೂರು ವರ್ಷ ದುಡಿದವಳು. ಅಲ್ಲಿಂದ ಸಂಬಳವಿಲ್ಲದ ರಜೆ ಪಡೆದು ಪದವಿಗೆ ಸೇರಿದ್ದಳು. ಈ ಪರೀಕ್ಷೆ ಪಾಸಾದರೆ ರಿಜಿಸ್ಟರ್ಡ್ ನರ್ಸ್. ಕಳೆದ ಸಲ ಪ್ರಾಯೋಗಿಕದಲ್ಲಿ ಫೇಲಾಗಿದ್ದಳು. ಈ ಸಲವೂ ಹೋದರೆ ರಜೆ ಮುಗಿಯುತ್ತದೆ, ವಾಪಸು ಹಳೆಯ ಕೆಲಸಕ್ಕೇ.

"ಹದಿಮೂರು ವರ್ಷ ಕೆಲಸ ಮಾಡಿದವಳು ಪ್ರಾಯೋಗಿಕದಲ್ಲಿ ಫೇಲ್ ಆಗುದು ಹೇಗೆ?"

ಮೇಡಂ ಹೇಳಲು ಸ್ವಲ್ಪ ಹಿಂದೆಮುಂದೆ ನೋಡಿದರು. ಪರೀಕ್ಷೆಯಲ್ಲಿ ಗೊಂಬೆಯನ್ನು ರೋಗಿಯೆಂದೇ ತಿಳಿದು ಮಾತಾಡಿಸಬೇಕು, ಹೆಸರು ಹೇಳಬೇಕು, ಏನು ಮಾಡುತ್ತೇನೆಂದು ವಿವರಿಸಬೇಕು, ನೋವಾಗುತ್ತದೆಯೇ ಎಂದು ಕೇಳಬೇಕು. ಅದಕ್ಕೆಲ್ಲ ಅಂಕವಿದೆ. ಹುಡುಗಿಯರು ಬಾಯಿಪಾಠ ಒಪ್ಪಿಸಿ ಮುಗಿಸುತ್ತಾರೆ. ಮನೋರಮಾ ನೋವಾಗುತ್ತದೆಯೇ ಎಂದು ತುಳುವಿನಲ್ಲಿ ಕೇಳಿ, ಗೊಂಬೆಯ ಮುಖ ನೋಡುತ್ತ ನಿಂತುಬಿಟ್ಟಳು. ಉತ್ತರ ಬರಲೆಂದು ಕಾದಳು! ತರಗತಿ ಗೊಳ್ಳೆಂದಿತು. ಆ ನಗೆ ಕಿವಿಗೆ ಬಿದ್ದದ್ದೇ ಅವಳ ನಾಲಗೆ ಕಟ್ಟಿಹೋಯಿತು, ಹೊತ್ತು ಮುಗಿಯಿತು. ಸಂಜೆ ಹೊತ್ತು ಒಬ್ಬಳೇ ಅಭ್ಯಾಸ ಮಾಡಲು ಪ್ರಯೋಗಶಾಲೆ ತೆರೆದು ಕೊಡಿ ಎಂದು ಈ ತಿಂಗಳು ಮೂರು ಸಲ ಕೇಳಿದ್ದಳಂತೆ. ನಿಯಮವಿಲ್ಲ ಎಂದು ಮೇಡಂ ಮೂರು ಸಲವೂ ಕಳಿಸಿದ್ದರು.

ಗೇಟಿನ ಎದುರಿನ ಆಟೋ ಸ್ಟ್ಯಾಂಡಿನಲ್ಲಿ ಮುದ್ದಣ್ಣ ವಿಚಾರಿಸಿದ. ಹೌದು, ವರ್ಕಾಡಿಗೆ ಬಾಡಿಗೆ ಹೋದವನಿದ್ದ. ದಾರಿಯುದ್ದಕ್ಕೂ, ಹೊಂಡ ಬಂದಲ್ಲೆಲ್ಲ, ನಿಧಾನ ಮಾರಾಯ್ರೇ, ಅಕ್ಕನ ಬೆನ್ನು ಕುಲುಕುತ್ತದೆ ಎಂದು ಹೇಳಿ ಹೇಳಿ ಅವನ ಜೀವ ತಿಂದಿದ್ದಳಂತೆ.

ಬುಧವಾರ ಬೆಳಿಗ್ಗೆ ಜೀಪು ವರ್ಕಾಡಿಗೆ ಹೋಯಿತು. ಗದ್ದೆಯ ಬದಿಯಲ್ಲಿ ಸಾಲಾಗಿ ಕಟ್ಟಿದ ಬಾಡಿಗೆ ಮನೆಗಳು, ಜಗಲಿಗಳಲ್ಲಿ ಬೀಡಿ ಸುತ್ತುತ್ತಿದ್ದ ಹೆಂಗಸರು. ಪೊಲೀಸರನ್ನು ಕಂಡು ಅವರ ಕೈ ನಿಂತಿತು. ಕೊನೆಯ ಮನೆಯ ಕಿಟಕಿ ತೆರೆದಿತ್ತು. ಒಳಗಿಂದ ಮಾತು ಕೇಳಿಸಿತು. ಇನ್‌ಸ್ಪೆಕ್ಟರು ಕೈ ಮಾಡಿ ಉಳಿದಿಬ್ಬರನ್ನು ನಿಲ್ಲಿಸಿ ಕಿಟಕಿಯ ಹತ್ತಿರ ಹೋದರು.

ಗೊಂಬೆ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿತ್ತು. ಬೆನ್ನಿಗೆ ಸೀರೆ ಸುರುಳಿ ಆನಿಸಿತ್ತು, ಮೊಣಕಾಲುಗಳ ನಡುವೆ ದಿಂಬಿತ್ತು. ಹಾಸಿಗೆ ಹಿಡಿದವರ ಮೈ ಹುಣ್ಣಾಗದಂತೆ ಮಲಗಿಸುವ ರೀತಿ ಅದು. ಮನೋರಮಾ ಅದರ ಸೊಂಟದ ಮೇಲಿನ ಪಟ್ಟಿ ಬಿಚ್ಚುತ್ತಿದ್ದಳು.

"ಬೇನೆ ಆಪುಂಡಾ ಅಕ್ಕಾ?" ನೋವಾಗುತ್ತದೆಯೇ ಎಂದು ತುಳುವಿನಲ್ಲಿ ಕೇಳಿದಳು. ಕೇಳಿ, ಕೈ ನಿಲ್ಲಿಸಿ, ಗೊಂಬೆಯ ಮುಖ ನೋಡಿದಳು. ಹೊರಗೆ ನಿಂತ ಗಣೇಶಪ್ರಸಾದರೂ ಉಸಿರು ಬಿಗಿಹಿಡಿದು ಉತ್ತರಕ್ಕೆ ಕಾದರು. ಆಮೇಲೆ ತಮ್ಮ ಬಗ್ಗೆಯೇ ನಾಚಿಕೆಯಾಗಿ ಬಾಗಿಲು ತಟ್ಟಿದರು.

ಅವಳು ಏನನ್ನೂ ಮುಚ್ಚಿಡಲಿಲ್ಲ. ಶುಕ್ರವಾರ ಬೆಳಿಗ್ಗೆಯೇ ತಂದು ಇಟ್ಟುಬಿಡುತ್ತಿದ್ದೆ ಎಂದಳು. ಅದು ನಿಜವೆಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು, ಆದರೆ ಅನ್ನಿಸಿದ್ದನ್ನು ಬರೆಯುವ ಜಾಗ ಮಹಜರಿನಲ್ಲಿ ಇರುವುದಿಲ್ಲ.

"ಇಷ್ಟು ಓದಿದ್ದೀರಿ. ಕಳವು ಕೇಸಾದರೆ ಮುಂದೆ ರಿಜಿಸ್ಟರ್ ಆಗ್ಲಿಕ್ಕೆ ಕಷ್ಟ ಉಂಟು ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು ಸಾರ್." ಅವಳು ತಲೆ ತಗ್ಗಿಸಿದಳು. "ಹದಿಮೂರು ವರ್ಷದಲ್ಲಿ ನಾನು ಯಾರನ್ನೂ ಕೇಳದೆ ಯಾವುದಕ್ಕೂ ಕೈ ಹಾಕಿದವಳಲ್ಲ. ಒಮ್ಮೆ ನಮ್ಮ ವಾರ್ಡಿನಲ್ಲಿ ಒಬ್ಬರು ಅಕ್ಕ, ಲಕ್ವದವರು, ಹಗಲು ಎಲ್ಲರೂ ಇರುವಾಗಲೇ ಉಸಿರು ಕಟ್ಟಿ ಒದ್ದಾಡಿದ್ರು. ಎಂತ ಮಾಡಬೇಕು ಅಂತ ನನ್ನ ಕೈಗೆ ಗೊತ್ತುಂಟು. ಆದರೆ ನನಗೆ ಅಧಿಕಾರ ಇಲ್ಲ. ರಿಜಿಸ್ಟರ್ಡ್ ಸಿಸ್ಟರ್ ಮೇಲಿನ ಮಹಡಿಯಿಂದ ಓಡಿ ಬರುವವರೆಗೆ ಅವರ ಕೈ ಹಿಡ್ಕೊಂಡು ನಿಂತೆ. ಅವರು ನನ್ನನ್ನೇ ನೋಡ್ತಾ ಇದ್ರು. ಬದುಕಿದ್ರು, ದೇವರು ದೊಡ್ಡವನು. ಆದರೆ ಆ ನೋಟ ನನಗೆ ಹೋಗಲೇ ಇಲ್ಲ. ಅದಕ್ಕೇ ಕಲೀಲಿಕ್ಕೆ ಬಂದದ್ದು."

ಗೊಂಬೆಗೂ ಆ ಅಕ್ಕನ ಮುಖವನ್ನೇ ಕಲ್ಪಿಸಿಕೊಂಡು ಮಾತಾಡುತ್ತೇನೆ, ಹಾಗಾದರೂ ಬಾಯಿ ಬರಲಿ ಅಂತ, ಎಂದಳು. ಕೋಣೆಯಲ್ಲಿ ಯಾರೂ ನಗಲಿಲ್ಲ.

ಅಶ್ಮಿತಾಳ ಸಮ್ಮುಖದಲ್ಲಿ ಬಂಧನದ ಕಾಗದಗಳಾದವು. ಗೊಂಬೆಯನ್ನು ಜೀಪಿಗೆ ಸಾಗಿಸಲು ಮುದ್ದಣ್ಣ ಅದರ ಕಂಕುಳಿಗೆ ಕೈಹಾಕಿ ಅಕ್ಕಿ ಮೂಟೆಯಂತೆ ಎಳೆದ. ತಲೆ ಹಿಂದಕ್ಕೆ ಜೋತಿತು.

"ತಲೆ ಹಿಡೀರಿ," ಎಂದಳು ಮನೋರಮಾ. ಮೆಲ್ಲನೆ ಹೇಳಿದ ಮಾತಾದರೂ ಅದರಲ್ಲಿ ಏನೋ ಅಧಿಕಾರವಿತ್ತು. ಮುದ್ದಣ್ಣ ತಟ್ಟನೆ ಕೈ ಬದಲಿಸಿ ತಲೆ ಹಿಡಿದ. ಜೀಪಿನವರೆಗೂ ಹಾಗೆಯೇ ಹಿಡಿದುಕೊಂಡು ಹೋದ.

ಮರುದಿನ ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರು. ಪ್ರತಿ ಶನಿವಾರ ಠಾಣೆಗೆ ಬಂದು ಸಹಿ ಹಾಕಬೇಕೆಂಬುದು ಷರತ್ತು. ಗೊಂಬೆಯನ್ನು ಕೂಡಲೇ ಕೊಡಿ, ನಾಳೆಯೇ ಪರೀಕ್ಷೆ ಎಂದು ಶ್ರೀರಂಜಿನಿ ಮೇಡಂ ಓಡಿ ಬಂದರು. ಮುಚ್ಚಳಿಕೆ ಬರೆಸಿಕೊಂಡು ಠಾಣೆಯಿಂದಲೇ ಕೊಡುವ ದಾರಿಯೂ ಇತ್ತು. ಗಣೇಶಪ್ರಸಾದರು ಆ ದಾರಿ ಹಿಡಿಯಲಿಲ್ಲ. ವಶಪಡಿಸಿಕೊಂಡ ಸೊತ್ತು, ನ್ಯಾಯಾಲಯಕ್ಕೇ ಅರ್ಜಿ ಹಾಕಿ, ನಮ್ಮಲ್ಲೂ ನಿಯಮ ಉಂಟಲ್ಲ ಎಂದರು. ಮೇಡಂ ಅವರ ಮುಖವನ್ನೇ ಒಂದು ಕ್ಷಣ ನೋಡಿದರು. ಆಮೇಲೆ, ತೀರ್ಪು ಬರುವವರೆಗೆ ಆ ಹುಡುಗಿಯ ಹಾಲ್ ಟಿಕೆಟ್ ತಡೆಯಲು ನನಗೂ ನಿಯಮವಿಲ್ಲ ಎಂದು ಹೇಳಿ ಎದ್ದು ಹೋದರು. ಪರೀಕ್ಷೆ ತಿಂಗಳ ಕೊನೆಗೆ ಹೋಯಿತು.

ಗೊಂಬೆ ಠಾಣೆಯ ಮೂಲೆಯ ಬೆಂಚಿನ ಮೇಲೆ ಉಳಿಯಿತು. ಮೊದಲ ಶನಿವಾರ ಮನೋರಮಾ ಸಹಿ ಹಾಕಲು ಬಂದಾಗ ಅದು ಅಂಗಾತ ಬಿದ್ದಿತ್ತು. ಅವಳು ನೋಡಿದಳು, ಸಹಿ ಹಾಕಿ ಹೋದಳು. ಮುಂದಿನ ಶನಿವಾರ ಬರುವಷ್ಟರಲ್ಲಿ ಅದು ಬಲಮಗ್ಗುಲಿಗೆ ತಿರುಗಿತ್ತು, ಮೊಣಕಾಲುಗಳ ನಡುವೆ ಹಳೆಯ ಪೇಪರಿನ ಕಟ್ಟು ಇತ್ತು. ಯಾರು ಮಾಡಿದ್ದೆಂದು ಇನ್‌ಸ್ಪೆಕ್ಟರು ಕೇಳಲಿಲ್ಲ. ಮುದ್ದಣ್ಣ ಆಗ ಬಹಳ ತುರ್ತಿನಿಂದ ಏನನ್ನೋ ಬರೆಯುತ್ತಿದ್ದ.

ಮೂರನೇ ಶನಿವಾರ. ಪರೀಕ್ಷೆ ಬರುವ ಸೋಮವಾರ ಎಂದಾಗಿತ್ತು, ಗೊಂಬೆಯನ್ನು ಕಾಲೇಜಿಗೆ ಬಿಟ್ಟುಕೊಡಲು ನ್ಯಾಯಾಲಯದ ಆದೇಶವೂ ಬಂದಿತ್ತು. ಸಹಿ ಹಾಕಿ ಹೊರಟವಳನ್ನು ಗಣೇಶಪ್ರಸಾದರು ತಡೆದರು.

"ಸೊತ್ತನ್ನು ಮುಟ್ಟಬಾರದು," ಎಂದರು. "ಮಾತಾಡಿಸಬಾರದು ಅಂತ ಎಲ್ಲಿಯೂ ಬರೆದಿಲ್ಲ."

ಮನೋರಮಾ ಸುತ್ತ ನೋಡಿದಳು. ಐದಾರು ಪೊಲೀಸರು, ಗಡಿ ತಕರಾರಿಗೆ ಬಂದ ಅಣ್ಣತಮ್ಮಂದಿರು, ಬೈಕು ಕಳೆದುಕೊಂಡ ಒಬ್ಬ. ಎಲ್ಲರ ಕಣ್ಣೂ ಅವಳ ಮೇಲೆ. ನಡೆದು ಹೋಗಿ ಬೆಂಚಿನ ಪಕ್ಕ ನಿಂತಳು. ನಮಸ್ಕಾರ ಹೇಳಿದಳು, ತನ್ನ ಹೆಸರು ಹೇಳಿದಳು, ಸೊಂಟದ ಹುಣ್ಣಿನ ಪಟ್ಟಿ ಬದಲಿಸುತ್ತೇನೆಂದು ವಿವರಿಸಿದಳು. ಕೈಗಳು ಗಾಳಿಯಲ್ಲೇ ಪಟ್ಟಿ ಬಿಚ್ಚಿದವು. ಅಣ್ಣತಮ್ಮಂದಿರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಅವಳ ಕೈ ನಿಲ್ಲಲಿಲ್ಲ.

"ಬೇನೆ ಆಪುಂಡಾ ಅಕ್ಕಾ?"

ಕೇಳಿ, ಎಂದಿನಂತೆ ಕಾದಳು.

"ಇಜ್ಜಿ ಮಗಾ," ಎಂದು ಬರೆಯುವ ಮೇಜಿನ ಕಡೆಯಿಂದ ದನಿ ಬಂತು. ಇಲ್ಲ ಮಗಾ ಎಂದು ತಲೆಯೆತ್ತದೆಯೇ ಹೇಳಿದವನು ಮುದ್ದಣ್ಣ.

ಮನೋರಮಾ ತಲೆಯಾಡಿಸಿ, ಹೊಸ ಪಟ್ಟಿ ಕಟ್ಟಲು ಶುರುಮಾಡಿದಳು.