ಮೇಣ ಹಚ್ಚದ ಬಟ್ಟೆ

ಶೂಟಿಂಗ್ ಕ್ಲಬ್ಬಿನ ಅಧ್ಯಕ್ಷರು ಆಯುಧದ ಕೋಣೆಯಲ್ಲಿ ಅಂಗಾತ ಬಿದ್ದಿದ್ದರು. ಎದೆಯಲ್ಲಿ ಗುಂಡು. ಪಕ್ಕದ ಮೇಜಿನ ಮೇಲೆ ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕಾಲದ ಕೋವಿ. ಕೋಣೆಯಲ್ಲಿ ಇನ್ನೂ ಗಂಧಕದ ಘಾಟು.

"ಹೊಡೆದದ್ದು ನಾನೇ ಮೇಡಂ," ಎಂದ ಅವರ ಹೆಂಡತಿಯ ತಮ್ಮ. ಕ್ಲಬ್ಬಿನಲ್ಲಿ ಅವನಿಗೆ ಚಾಂಪಿಯನ್ ಎಂದೇ ಹೆಸರು. ಮೂಗು ಒರೆಸಿಕೊಂಡ. "ಖಾಲಿ ಇದೆ ಅಂದ್ಕೊಂಡೆ. ಕೋವಿ ಮೇಸ್ತ್ರಿ ನಿನ್ನೆ ಸಂಜೆ ರಿಪೇರಿ ಮಾಡಿ ತಂದಿಟ್ಟಿದ್ದ. ಇವತ್ತು ಬೆಳಿಗ್ಗೆ ಕೋವಿಯ ಕುದುರೆ ಸರಿ ಬೀಳುತ್ತಾ ನೋಡೋಣ ಅಂತ ಬರೀ ಕಿಡಿ ಹಾರಿಸೋ ಕೇಪು ಹಾಕಿ ಎಳೆದೆ. ಭಾವ ಎದುರಿಗೇ ಇದ್ರು. ಆ ಮುದುಕ ಒಳಗೆ ಗುಂಡು ಬಿಟ್ಟು ಮರೆತಿದ್ದಾನೆ!"

ಇನ್‌ಸ್ಪೆಕ್ಟರಮ್ಮನ ಕಣ್ಣು ಬೀರುವಿನ ಕೆಳಗಿತ್ತು. ಬಗ್ಗಿ ಒಂದು ಬಟ್ಟೆ ತುಂಡನ್ನು ಎತ್ತಿದರು. ಹಾಸಿಗೆಗೆ ಹೊಲಿಯುವಂಥ ಪಟ್ಟೆ ಪಟ್ಟೆ ಬಟ್ಟೆ. ನಡುವೆ ಸುಟ್ಟು ಕಪ್ಪಾಗಿತ್ತು, ಅಂಚು ಹಾಗೇ ಇತ್ತು.

"ಗುಂಡಿಗೆ ಸುತ್ತೋ ಬಟ್ಟೆ ಮೇಡಂ," ಎಂದರು ದಫೇದಾರರು. "ಇದರ ಜತೆ ಗುಂಡನ್ನ ನಳಿಗೆಯೊಳಗೆ ತಳ್ತಾರೆ. ಹೊಡೆದಾಗ ಹಾರಿ ಬೀಳುತ್ತೆ."

"ಒಣ ಬಟ್ಟೆ ಅಷ್ಟು ಸಲೀಸಾಗಿ ಒಳಗೆ ಹೋಗುತ್ತಾ? ಏನು ಹಚ್ತಾರೆ ಇದಕ್ಕೆ?"

"ಅದೊಂದು ಗೊತ್ತಿಲ್ಲ ನೋಡಿ."

ಗೊತ್ತಿಲ್ಲ ಎಂದರೆ ಮುಗಿಯಿತು, ಇನ್‌ಸ್ಪೆಕ್ಟರಮ್ಮನಿಗೆ ತಿಳಿಯುವ ತನಕ ಊಟ ಸೇರುವುದಿಲ್ಲ.

* * *

ಮೇಸ್ತ್ರಿಯ ಅಂಗಡಿಗೆ ಕಾಲಿಟ್ಟಾಗ ಮೊದಲು ಕಂಡದ್ದೇ ಅದೇ ಪಟ್ಟೆ ಬಟ್ಟೆ, ಗುಂಡಗೆ ಕತ್ತರಿಸಿ ಪೇರಿಸಿಟ್ಟದ್ದು. ದಫೇದಾರರು "ಇನ್ನೇನು ಬೇಕು?" ಎನ್ನುವಂತೆ ಹುಬ್ಬು ಹಾರಿಸಿದರು.

"ನನ್ನದೇ ಬಟ್ಟೆ ಕಣಮ್ಮ," ಎಂದ ಮೇಸ್ತ್ರಿ. "ಕ್ಲಬ್ಬಿನವರಿಗೂ ನಾನೇ ಕತ್ತರಿಸಿ ಕೊಡೋದು." ಮುದುಕ ಕತ್ತರಿ ಕೆಳಗಿಟ್ಟ. "ರಿಪೇರಿ ಆದ ಮೇಲೆ ಹಿತ್ತಲಲ್ಲಿ ಒಂದೆರಡು ಹೊಡೆದು ನೋಡ್ತೀನಿ. ಖಾಲಿ ಮಾಡೇ ಕೊಟ್ಟೆ ಅಂತ ನೆನಪು. ಆದ್ರೆ ವಯಸ್ಸಾಯ್ತು. ಮತ್ತೆ ತುಂಬಿ ಮರೆತೆನೋ ಏನೋ. ಬರ್ಕೊಳ್ಳಿ, ತಪ್ಪು ನಂದೇ ಅಂತ."

"ಅಪ್ಪಾ, ಬಾಯಿ ಮುಚ್ಕೊಂಡಿರಿ!" ಮಗಳು ಒಳಗಿಂದ ಓಡಿ ಬಂದಳು. ಈ ಸಲದ ದೊಡ್ಡ ಪಂದ್ಯಕ್ಕೆ ಅಧ್ಯಕ್ಷರು ಆರಿಸಿದ್ದು ಚಾಂಪಿಯನ್‌ನನ್ನಲ್ಲ, ಈ ಹುಡುಗಿಯನ್ನು. "ನನಗೆ ಅಷ್ಟು ದೊಡ್ಡ ಉಪಕಾರ ಮಾಡಿದವರನ್ನ ನನ್ನಪ್ಪ ಕೊಂದ್ರು ಅಂತ ಊರೆಲ್ಲ ಆಡಿಕೊಳ್ಳುತ್ತೆ ಮೇಡಂ. ಆಮೇಲೆ ಇವರು ಬದುಕಲ್ಲ."

ಇನ್‌ಸ್ಪೆಕ್ಟರಮ್ಮ ಸುಟ್ಟ ಬಟ್ಟೆಯನ್ನು ಮುಂದಿಟ್ಟು ಕೇಳಬೇಕಾದ್ದನ್ನು ಕೇಳಿದರು.

"ಬಟ್ಟೆಗೆ ಏನು ಹಚ್ತೀರಿ?"

ಮೇಸ್ತ್ರಿ ಡಬ್ಬಿ ತೆರೆದ. ಜೇನುಮೇಣ, ಕುರಿ ಕೊಬ್ಬು ಕರಗಿಸಿ ಕಲಸಿದ್ದು. "ಇದು ಮದ್ದನ್ನ ಒದ್ದೆ ಮಾಡಲ್ಲ. ತುಂಬಿದ ಕೋವಿ ನಾಳೆ ಹೊಡೆದ್ರೂ ಹಾರುತ್ತೆ. ಬೇರೆ ಯಾವುದನ್ನೂ ನಾನು ಮುಟ್ಟಲ್ಲ."

ಇನ್‌ಸ್ಪೆಕ್ಟರಮ್ಮ ಲೋಟದಿಂದ ಒಂದು ಹನಿ ನೀರು ತೆಗೆದು ಮೇಣದ ಬಟ್ಟೆಯ ಮೇಲೆ ಬಿಟ್ಟರು. ಹನಿ ಉರುಳಿ ಹೋಯಿತು. ಸುಟ್ಟ ಬಟ್ಟೆಯ ಅಂಚಿನ ಮೇಲೆ ಇನ್ನೊಂದು ಹನಿ. ಅದು ತಕ್ಷಣ ಇಂಗಿತು.

"ಅರೆ! ಇದಕ್ಕೆ ಜಿಡ್ಡೇ ಸೋಕಿಲ್ಲವಲ್ಲ! ಜಿಡ್ಡು ಬಿಟ್ಟು ಇನ್ನೇನು ಹಚ್ಚಬಹುದು?"

"ಎಂಜಲು," ಎಂದಳು ಮಗಳು ಮೆಲ್ಲಗೆ. "ಪಂದ್ಯದಲ್ಲಿ ಕೆಲವರು ಬಾಯಲ್ಲೇ ನೆನೆಸಿ ಹಾಕಿ ಆಗಲೇ ಹೊಡೀತಾರೆ. ತುಂಬಿ ಹಾಗೇ ಇಟ್ಟರೆ ಮದ್ದು ತೇವ ಕುಡಿದು ಪುಸ್ ಅನ್ನುತ್ತೆ."

* * *

ಸಂಜೆ ಕ್ಲಬ್ಬಿನಲ್ಲಿ ಇನ್‌ಸ್ಪೆಕ್ಟರಮ್ಮ ಪೆದ್ದಿಯ ಮುಖ ಮಾಡಿದರು.

"ಈ ಕೋವಿ ವಿಷಯ ನನಗೆ ತಲೆಬುಡ ಗೊತ್ತಿಲ್ಲ ಸಾರ್. ಮೇಸ್ತ್ರಿ ಮೇಲೆ ಕೇಸು ಬರೀಬೇಕು. ತುಂಬೋದು ಹೇಗೆ ಅಂತ ಒಂದ್ಸಲ ತೋರಿಸ್ತೀರಾ? ಮದ್ದು ಬೇಡ."

ಚಾಂಪಿಯನ್ ಹುರುಪಿನಿಂದ ಇನ್ನೊಂದು ಕೋವಿ ಎತ್ತಿಕೊಂಡ. ಮೇಜಿನ ಮೇಲೆ ಗುಂಡು, ಬಟ್ಟೆ, ಕೈಗೆ ಸಿಗುವ ಹಾಗೆ ಮೇಣದ ಡಬ್ಬಿ, ಎಲ್ಲ ಇತ್ತು. "ಮೊದಲು ಮದ್ದು ಬಿತ್ತು ಅಂದ್ಕೊಳ್ಳಿ. ಆಮೇಲೆ ಬಟ್ಟೆ..." ಎನ್ನುತ್ತಾ ಬಟ್ಟೆ ತುಂಡನ್ನು ಬಾಯಿಗೆ ಹಾಕಿ ದವಡೆಗೆ ಒತ್ತರಿಸಿಕೊಂಡ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಇನ್‌ಸ್ಪೆಕ್ಟರಮ್ಮ ಒಂದು ಕಾಗದದ ಕವರು ಚಾಚಿದರು.

"ಇದರೊಳಗೆ ಉಗೀರಿ."

ಅವನ ದವಡೆ ನಿಂತಿತು.

"ನಿನ್ನೆ ಸಂಜೆ ಎಂಜಲು ಬಟ್ಟೆ ಹಾಕಿ ತುಂಬಿದ್ದರೆ ಬೆಳಿಗ್ಗೆ ಹೊತ್ತಿಗೆ ಮದ್ದು ತೇವ ಕುಡಿದಿರೋದು, ಗುಂಡು ಹಾರ್ತಿರಲಿಲ್ಲ. ಅಂದ್ರೆ ಕೋವಿ ತುಂಬಿದ್ದು ಇವತ್ತು ಬೆಳಿಗ್ಗೆ, ಹೊಡೆಯೋ ಮುಂಚೆ. ಆಗ ಮೇಸ್ತ್ರಿ ಅಂಗಡಿಯಲ್ಲಿದ್ದ. ಈ ಕೋಣೆಯಲ್ಲಿದ್ದದ್ದು ನೀವು, ನಿಮ್ಮ ಭಾವ. ಸುಟ್ಟ ಬಟ್ಟೆ ಅಂಚಿನಲ್ಲಿರೋ ಎಂಜಲು ಯಾರದು ಅಂತ ಲ್ಯಾಬಿನವರು ಹೇಳ್ತಾರೆ. ಉಗೀರಿ."

ಬಟ್ಟೆ ಕವರಿಗೆ ಬಿತ್ತು. ಅದರ ಹಿಂದೆಯೇ ಮಾತೂ ಬಿತ್ತು. "ಸ್ವಂತ ಬಾಮೈದನ್ನ ಬಿಟ್ಟು ರಿಪೇರಿಯವನ ಮಗಳನ್ನ ಕಳಿಸ್ತೀನಿ ಅಂದ್ರು! ನನ್ನ ಮರ್ಯಾದೆ ಏನಾಗಬೇಕು?"

"ಅಪ್ಪ ಕೊಲೆಗಾರ ಅಂತಾದ್ರೆ ಆ ಹುಡುಗಿ ಪಂದ್ಯದ ಕಡೆ ತಲೆ ಹಾಕಲ್ಲ, ಅಲ್ವಾ? ಒಂದೇ ಕಲ್ಲಿಗೆ ಎರಡು ಹಕ್ಕಿ. ನಡೀರಿ."

* * *

ಸುದ್ದಿ ಹೇಳಲು ಇನ್‌ಸ್ಪೆಕ್ಟರಮ್ಮ ತಾವೇ ಅಂಗಡಿಗೆ ಹೋದರು. ಮಗಳು ಅಪ್ಪನನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತಳು. ಮುದುಕ ಮಾತ್ರ ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಹಾಗಾದ್ರೆ ನಾನು ಖಾಲಿ ಮಾಡೇ ಕೊಟ್ಟಿದ್ದೆ?"

"ಹೌದು ಯಜಮಾನ್ರೇ."

"ಮರೆತಿರಲಿಲ್ಲ?"

"ಇಲ್ಲ. ನೀವು ಮರೆತಿರಲಿಲ್ಲ."

ಆಗ ಅವನಿಗೂ ಅಳು ಬಂತು.