ಬ್ಯಾಡಗಿಯ ಮೂರನೇ ಬ್ಲೋವರ್

ಫೋರ್ಕ್‌ಲಿಫ್ಟ್ ಸೀದಾ ನನ್ನ ಮೇಲೆಯೇ ಬರುತ್ತಿತ್ತು!

ಬೆನ್ನ ಹಿಂದೆ ಮೆಣಸಿನಕಾಯಿ ಚೀಲಗಳ ಗೋಡೆ. ಎದುರಿಗೆ ಎರಡು ಉಕ್ಕಿನ ಕೋಡು. ಕಣ್ಣ ತುಂಬ ಖಾರದ ಧೂಳು.

ಓಡಲು ಜಾಗವಿರಲಿಲ್ಲ. ಚೀಲಗಳ ಮೇಲೆ ಹತ್ತಿಬಿಟ್ಟೆ.

ಕೋಡುಗಳು ಕೆಳಗಿನ ಚೀಲಕ್ಕೆ ಹೊಕ್ಕು ನಿಂತವು. ನನ್ನ ಚಪ್ಪಲಿಗೂ ಅವಕ್ಕೂ ಗೇಣಿನ ಅಂತರ...

"ಬ್ರೇಕ್ ಹಿಡೀಲಿಲ್ರಿ ಅಕ್ಕಾರ!" ಡ್ರೈವರ್ ಫಿರೋಜ್ ಬೆವತು ಹೋಗಿದ್ದ.

ಮೊಬೈಲಿನಲ್ಲಿ ಕಾರ್ಖಾನೆಯ ಡ್ಯಾಶ್‌ಬೋರ್ಡ್ ತೆಗೆದೆ. ಫೋರ್ಕ್‌ಲಿಫ್ಟ್: ಹಸಿರು. ಬ್ರೇಕ್: ಹಸಿರು.

"ಇದರಾಗ ಎಲ್ಲಾ ಸರಿ ಅದ ಅಂತ ತೋರಸ್ತದಲ್ಲೋ?"

"ಹಂಗಾರ ನಾಳಿಂದ ಆ ಸ್ಕ್ರೀನನ್ನ ಓಡಸ್ತೇನಿ ಬಿಡ್ರಿ."

ನಾನು ದೀಪಾಲಿ. ಊರು ಹಾವೇರಿ. ಕಾರ್ಖಾನೆಗಳಿಗೆ ಇಂಥ ಪರದೆ ಮಾಡಿಕೊಡುವುದು ನನ್ನ ಕಸುಬು. ಯಾವ ಯಂತ್ರ ಎಲ್ಲಿದೆ, ಓಡುತ್ತಿದೆಯೋ ಕೆಟ್ಟಿದೆಯೋ, ಒಂದೇ ನೋಟಕ್ಕೆ ಕಾಣಬೇಕು. ಬ್ಯಾಡಗಿಯ ಈ ಖಾರದ ಪುಡಿ ಕಾರ್ಖಾನೆಗೆ ನನ್ನನ್ನು ಕರೆಸಿದವರು ಮಾಲೀಕ ಪ್ರಭುಲಿಂಗಪ್ಪ.

"ಮುಂದಿನ ವಾರ ಜರ್ಮನಿಯಿಂದ ಗಿರಾಕಿ ಬರ್ತಾರ. ಸ್ಕ್ರೀನ್ ನೋಡಿ ವಾಹ್ ಅನಬೇಕು. ಅಷ್ಟ!"

ಬೇರೆ ಯಾರೋ ಮಾಡಿದ್ದ ಹಳೆಯ ಪರದೆ ಹೇಗಿತ್ತು ಗೊತ್ತೇ? ನಲವತ್ತೆರಡು ಗ್ರಾಫ್. ಎಲ್ಲವೂ ಇಂಗ್ಲಿಷು. ಎಲ್ಲವೂ ಹಸಿರು!

ಬೀಸುವ ವಿಭಾಗದ ರಸೂಲಬಿಗೆ ಅದನ್ನು ತೋರಿಸಿದೆ. ಇಪ್ಪತ್ತು ವರ್ಷದಿಂದ ಅಲ್ಲೇ ದುಡಿಯುತ್ತಿರುವ ಹೆಂಗಸು. ಕೆಮ್ಮು ಬಿಡುವು ಕೊಟ್ಟಾಗ ಮಾತಾಡುತ್ತಾರೆ.

"ಚಾಚಿ, ಇದರಾಗ ಏನ್ ತಿಳೀತದ?"

"ಯಾರಿಗೋ ಪಗಾರ ಭಾಳ ಕೊಟ್ಟಾರ ಅಂತ ತಿಳೀತೈತಿ, ಯವ್ವಾ." ಕೆಮ್ಮಿದರು. "ಧೂಳು ಎಳಿಯೋ ಬ್ಲೋವರ್ ಮೂರಿದ್ವು. ಒಂದು ಹೋಗಿ ತಿಂಗಳಾತು. ಅದು ಎಲ್ಲೈತಿ ಕೇಳು ನಿನ್ನ ಸ್ಕ್ರೀನಿಗೆ."

ಕೇಳಿದೆ. ಮೂರು ಬ್ಲೋವರ್. ಮೂರೂ ಹಸಿರು.

ತಲೆ ಎತ್ತಿದೆ. ಮೂರನೆಯದರ ಜಾಗದಲ್ಲಿ ಗೋಡೆಗೊಂದು ತೂತು. ತೂತಿನಲ್ಲೊಂದು ಪಾರಿವಾಳ!

"ಅದು ಕಳುವಾಗೇದ." ಹಿಂದಿನಿಂದ ತಣ್ಣನೆಯ ದನಿ. ಮ್ಯಾನೇಜರ್ ಆನಂದತೀರ್ಥ. "ಫಿರೋಜನ ಕೆಲಸ. ಅಷ್ಟು ಭಾರ ಎತ್ತೋ ಗಾಡಿ ಅವನ ಕೈಯಾಗ ಅದ. ಶುಕ್ರವಾರ ಪೊಲೀಸರಿಗೆ ಕೊಡ್ತೇವಿ. ನೀವು ಬಣ್ಣ ಹಚ್ಚೋದು ನೋಡ್ರಿ, ಮೇಡಂ. ಗೋಡಿ ನೋಡಬ್ಯಾಡ್ರಿ."

"ಬಣ್ಣ ಹಚ್ಚಬೇಕಂದ್ರ ಗೋಡಿ ನೋಡಬೇಕಾಗ್ತದ, ಸರ್."

ಅವರು ನಕ್ಕರು. ನನಗೆ ಆ ನಗು ಹಿಡಿಸಲಿಲ್ಲ.

ಮೂರು ದಿನ ಕ್ಯಾಂಟೀನಿನಲ್ಲಿ ಕೂತೆ. ನಾನು ಬರೆಯುವುದು, ರಸೂಲಬಿ ಹೊಡೆದುಹಾಕುವುದು.

"ಈ ಗ್ರಾಫ್ ಯಾರಿಗೆ ಬೇಕು? ತಗಿ! ಯಂತ್ರದ ಫೋಟೋ ಹಾಕು. ಗುಂಡಿ ರೊಟ್ಟಿಯಷ್ಟು ದೊಡ್ಡದಿರಲಿ. ಕಣ್ಣು ಉರಿಯೋವಾಗ ಸಣ್ಣ ಅಕ್ಷರ ಕಾಣ್ತಾವೇನು?"

ಕೊನೆಗೆ ಉಳಿದದ್ದು ಇಷ್ಟು. ಪ್ರತಿ ಯಂತ್ರದ ಫೋಟೋ. ಕೆಳಗೆ ಮೂರು ಗುಂಡಿ: 'ಐತಿ', 'ಕೆಟ್ಟೈತಿ', 'ಇಲ್ಲ'. ಒತ್ತುವವರು ಯಂತ್ರದ ಮುಂದೆ ನಿಂತವರೇ; ಆಫೀಸಿನವರಲ್ಲ. ಜೊತೆಗೆ ಊರುಗಳ ಹೆಸರಿರುವ ಒಂದು ನಕಾಶೆ. ಪ್ರತಿ ಯಂತ್ರದ ಹೊಟ್ಟೆಗೆ ಬೆಂಕಿಪೊಟ್ಟಣದಷ್ಟು ಟ್ರ್ಯಾಕರ್ ಅಂಟಿಸಿದೆ. ಯಂತ್ರ ಹೋದಲ್ಲಿ ನಕಾಶೆಯ ಮೇಲೆ ಕೆಂಪು ಚುಕ್ಕಿ ಹೋಗುತ್ತದೆ.

ಫಿರೋಜ್ ಮೊದಲ ದಿನವೇ 'ಕೆಟ್ಟೈತಿ' ಒತ್ತಿದ. ಸಂಜೆಯೊಳಗೆ ಫೋರ್ಕ್‌ಲಿಫ್ಟಿಗೆ ಹೊಸ ಬ್ರೇಕ್ ಬಂತು.

ಮ್ಯಾನೇಜರನ್ನೂ ಕರೆದೆ. "ಒಂದ್ಸಲ ನೋಡ್ರಿ, ಸರ್."

"ಕೆಲಸಗಾರರ ಸ್ಕ್ರೀನ್ ನಾನ್ಯಾಕ ನೋಡ್ಲಿ?"

ಆ ಮಾತೇ ಅವರಿಗೆ ಮುಳುವಾಯಿತು.

ಗುರುವಾರ. ಬೆಳಗಿನಿಂದ ಫಿರೋಜನನ್ನು ಗೇಟಿನ ಕೋಣೆಯಲ್ಲಿ ಕೂಡಿಹಾಕಿದ್ದರು. ಊಟದ ಬಿಡುವು. ನೂರಾ ಇಪ್ಪತ್ತು ಮಂದಿ ಕ್ಯಾಂಟೀನಿನಲ್ಲಿದ್ದರು. ಗೋಡೆಯ ಮೇಲೆ ಹೊಸ ಪರದೆ.

ರಸೂಲಬಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಯವ್ವಾ... ಎರಡನೇ ಬ್ಲೋವರ್ ನಡಿಯಾಕತ್ತೈತಿ!"

ಕೆಂಪು ಚುಕ್ಕಿ ಗೇಟು ದಾಟುತ್ತಿತ್ತು!

ಸ್ಕೂಟಿ ಹತ್ತಿದೆ. ರಸೂಲಬಿಗೆ ಫೋನ್ ಹಚ್ಚಿ ಹೆಲ್ಮೆಟ್ಟಿನೊಳಗೆ ತುರುಕಿದೆ.

"ಚಾಚಿ, ಎಲ್ಲದ?"

"ಮೋಟೆಬೆನ್ನೂರಿನ್ಯಾಗ ಐತಿ! ಹೈವೇ ಹತ್ತೇತಿ! ರಾಣೆಬೆನ್ನೂರ ಕಡೆ ಹೊಳ್ಳೇತಿ! ಲಗೂ ಹೊಡಿ!"

ಹೊಡೆದೆ. ಹೈವೇಯಲ್ಲಿ ಕನ್ನಡಿಯೊಳಗೆ ಬಿಳಿ ಕಾರು ಕಂಡಿತು. ಸ್ಟೇರಿಂಗ್ ಹಿಂದೆ ಆನಂದತೀರ್ಥ; ಟೆಂಪೋ ಹಿಂದೆ ನಾನು ಹೊರಟದ್ದನ್ನು ಗೇಟಿನಲ್ಲೇ ನೋಡಿರಬೇಕು. ಹಾರ್ನ್ ಇಲ್ಲ, ಏನಿಲ್ಲ. ಹಿಂದಿನ ಚಕ್ರಕ್ಕೆ ಬಂಪರ್ ತಾಗಿಸಿದರು!

ಸ್ಕೂಟಿ ಹೊಯ್ದಾಡಿತು. ಮಣ್ಣಿಗಿಳಿದೆ. ಮುಂದೆ ಹತ್ತಿ ತುಂಬಿದ ಎರಡು ಟ್ರ್ಯಾಕ್ಟರ್ ಅಕ್ಕಪಕ್ಕ ಹೊರಟಿದ್ದವು. ನಡುವೆ ಒಂದು ಮಾರು ಸಂದು.

ಸಂದಿಗೆ ನುಗ್ಗಿದೆ. ಮೊಣಕೈ ತರಚಿತು. ಕಾರಿಗೆ ಆ ಭಾಗ್ಯವಿರಲಿಲ್ಲ. ಅದು ಹತ್ತಿಯ ಹಿಂದೆಯೇ ಉಳಿಯಿತು.

"ಚುಕ್ಕಿ ನಿಂತೈತಿ!" ರಸೂಲಬಿ ಕೂಗಿದರು. "ರಾಣೆಬೆನ್ನೂರ ದಾಟೋಕಿಂತ ಮೊದಲ, ಎಡಕ್ಕ!"

ಎಡಕ್ಕೆ ತಿರುಗಿದೆ. ಹೊಸ ಶೆಡ್ಡು. ಬಾಗಿಲಿಗೆ ಮಾವಿನ ತೋರಣ. ಟೆಂಪೋದಿಂದ ಬ್ಲೋವರ್ ಇಳಿಯುತ್ತಿತ್ತು. ಒಳಗೆ ಹೊಕ್ಕೆ. ಕಳುವಾದ ಇನ್ನೊಂದು ಆಗಲೇ ಗೋಡೆಯಲ್ಲಿತ್ತು, ಹಣೆಗೆ ಕುಂಕುಮ ಹಚ್ಚಿಕೊಂಡು!

ಅದರ ಮುಂದೆ ತೆಂಗಿನಕಾಯಿ ಹಿಡಿದು ನಿಂತವರು... ಪ್ರಭುಲಿಂಗಪ್ಪ. ಪಕ್ಕದಲ್ಲಿ ಅಳಿಯ ಚನ್ನೇಶ.

"ಕಳ್ಳ ಸಿಕ್ಕ್ರಿ, ಸಾಹುಕಾರ್ರ."

"ಕಳುವಲ್ರೀ ಇದು! ಅಳಿಯನ ಹೊಸ ಗಿರಣಿಗೆ ಕೊಟ್ಟದ್ದು!"

"ಮತ್ತ ಫಿರೋಜ್?"

"ಕಳುವಿನ ದುಡ್ಡು ಕೊಡೋ ಮುಂದ ವಿಮಾದವರು ಕಳ್ಳ ಯಾರು ಅಂತ ಕೇಳ್ತಾರಲ್ರಿ..." ಹವಾಮಾನ ಹೇಳುವಷ್ಟು ಸಹಜವಾಗಿ ಹೇಳಿದರು. ಆಮೇಲೆ ಹತ್ತಿರ ಬಂದರು. ದನಿ ತಗ್ಗಿತು. "ಇದು ನಿಮ್ಮನ್ನ ಬಿಟ್ಟು ಮತ್ಯಾರಿಗೆ ಗೊತ್ತೈತಿ?"

ಚನ್ನೇಶ ನನ್ನ ಹಿಂದೆ ಶಟರ್ ಎಳೆಯತೊಡಗಿದ.

ಹೆಲ್ಮೆಟ್ ತೆಗೆದೆ. ಇನ್ನೂ ಚಾಲೂ ಇದ್ದ ಫೋನಿನ ಸ್ಪೀಕರ್ ಒತ್ತಿದೆ.

"ನೂರಾ ಇಪ್ಪತ್ತು ಮಂದಿಗೆ ಗೊತ್ತೈತ್ರಿ, ಸಾಹುಕಾರ್ರ!" ರಸೂಲಬಿಯ ದನಿ ಶೆಡ್ಡಿನ ತುಂಬ ತುಂಬಿತು. "ಊಟ ಬಿಟ್ಟು ನೋಡಾಕತ್ತೇವಿ. ನಮ್ಮ ಅಕ್ಕಾರ್ನ ಮುಟ್ಟಬ್ಯಾಡ್ರಿ. ಗಿರಣಿ ಬಂದ್ ಐತಿ. ಎರಡೂ ಬ್ಲೋವರ್ ಬರಲಿ. ಫಿರೋಜನ್ನ ಬಿಡ್ರಿ. ಆಮ್ಯಾಲ ಬೀಸ್ತೇವಿ."

ಶಟರ್ ಅರ್ಧಕ್ಕೆ ನಿಂತಿತು. ತೆಂಗಿನಕಾಯಿ ಒಡೆಯಲೇ ಇಲ್ಲ.

ಸಂಜೆ ಬ್ಲೋವರುಗಳು ಬ್ಯಾಡಗಿಗೆ ಮರಳಿದವು. ಫಿರೋಜ್ ಹೊರಬಂದ. ರಸೂಲಬಿ ಮೂರು ಸಲ 'ಐತಿ' ಒತ್ತಿದರು. ಒಂದೊಂದು ಸಲವೂ ಬೆರಳನ್ನು ಬೇಕಂತಲೇ ತುಸು ಹೊತ್ತು ಅಲ್ಲೇ ಇಟ್ಟರು.

ಜರ್ಮನಿಯವರು ಬಂದರು. ವಾಹ್ ಅಂದರು. ಹೋದರು.

ಮರುದಿನ ಪ್ರಭುಲಿಂಗಪ್ಪನವರ ಪತ್ರ ಬಂತು. ನನ್ನನ್ನು ತೆಗೆದುಹಾಕಿದ್ದರು. ಕಾರಣವೂ ಇತ್ತು, ಒಂದೇ ಸಾಲು:

"ಡ್ಯಾಶ್‌ಬೋರ್ಡ್ ಕೆಲಸಗಾರರಿಗೆ ಅರ್ಥವಾಗುತ್ತಿದೆ."