ಭಾನುವಾರದ ತಟ್ಟೆಯಲ್ಲಿ ಕೆಂಪು ನೂಲು

ಅಪ್ಪ ಮಾಂಸದ ಮೇಲೆ ಚಾಕು ಇಟ್ಟವನು ಹಾಗೇ ನಿಂತುಬಿಟ್ಟ. ಮುಳ್ಳುಚಮಚದಿಂದ ತುಂಡನ್ನು ಮೆಲ್ಲಗೆ ಎತ್ತಿ ಅಡಿಭಾಗ ನೋಡಿದ. ಮೇಲುಗಡೆ ಕಂದು ಬಣ್ಣಕ್ಕೆ ತಿರುಗಿ ಹದವಾಗಿ ಬೆಂದಿತ್ತು. ಕೆಳಗಡೆ ಮಾತ್ರ ಹಲಗೆಯ ಹಾಗೆ ಚಪ್ಪಟೆ.

"ಈ ವಾರಾನೂ ಅಷ್ಟೇ," ಎಂದ.

ಅಮ್ಮ ಹೆಪ್ಸಿಯ ಕಡೆ ನೋಡಿದಳು. ಹೆಪ್ಸಿ ಆಲೂಗಡ್ಡೆಯ ಕಡೆ ನೋಡಿದಳು.

"ಹೆಪ್ಸೀ, ದಾರೀಲಿ ತಿಂದ್ಯಾ?"

"ಇಲ್ಲಮ್ಮ."

"ನಿಜ ಹೇಳು. ಹೊಡೆಯಲ್ಲ."

"ನಾನು ಮುಟ್ಟೇ ಇಲ್ಲ."

ಕೂಪರ್ ಗಲ್ಲಿಯ ಯಾವ ಮನೆಯಲ್ಲೂ ಇಷ್ಟು ದೊಡ್ಡ ತುಂಡು ಬೇಯಿಸುವ ಒಲೆ ಇರಲಿಲ್ಲ. ಲಂಡನ್ನಿನ ಆ ಭಾಗದಲ್ಲಿ ಇದ್ದವರೆಲ್ಲ ಕೂಲಿಯವರೇ. ವಾರವಿಡೀ ಬ್ರೆಡ್ಡು, ಟೀ. ಭಾನುವಾರ ಮಾತ್ರ ಮಾಂಸ. ಆ ದಿನ ಬೇಕರಿಯ ಹಾಬ್‌ಡೇ ಬ್ರೆಡ್ಡು ಸುಡುತ್ತಿರಲಿಲ್ಲ. ಅವನ ದೊಡ್ಡ ಭಟ್ಟಿ ಗಲ್ಲಿಯವರಿಗೆಲ್ಲ ಬಾಡಿಗೆಗೆ. ಬೆಳಿಗ್ಗೆ ಮಕ್ಕಳು ಸಾಲಾಗಿ ತಟ್ಟೆ ಹೊತ್ತುಕೊಂಡು ಹೋಗಿ ಕೊಡುವುದು, ತಗಡಿನ ಬಿಲ್ಲೆ ಇಸಿದುಕೊಳ್ಳುವುದು, ಚರ್ಚ್ ಬಿಟ್ಟ ಮೇಲೆ ಬಿಲ್ಲೆ ಕೊಟ್ಟು ಘಮಘಮಿಸುವ ತಟ್ಟೆ ಮನೆಗೆ ತರುವುದು. ಹೆಪ್ಸಿಗೆ ಹತ್ತು ವರ್ಷ. ಈ ಕೆಲಸ ಅವಳದೇ.

ಅವಳ ಕಷ್ಟ ಏನೆಂದರೆ, ಚಳಿಗಾಲದಲ್ಲಿ ಒಮ್ಮೆ ದಾರಿಯಲ್ಲಿ ಜಿಡ್ಡಿನ ರಸಕ್ಕೆ ಬೆರಳದ್ದಿ ನೆಕ್ಕಿದ್ದಳು. ಗಲ್ಲದ ಮೇಲೆ ಜಿಡ್ಡು ಹೊಳೆಯುತ್ತಿದ್ದುದನ್ನು ಅಮ್ಮ ಕಂಡಿದ್ದಳು. ಅಂದಿನಿಂದ ಹೆಪ್ಸಿಯ 'ಇಲ್ಲ'ಕ್ಕೆ ಬೆಲೆ ಸ್ವಲ್ಪ ಕಡಿಮೆಯಾಗಿತ್ತು.

"ಹೆಪ್ಸಿ ಕಳ್ಳೀನಾ?" ಎಂದು ಪುಟ್ಟ ತಮ್ಮ ವಿಲ್ಫ್ ಗಟ್ಟಿಯಾಗಿ ಕೇಳಿದ.

ಹೆಪ್ಸಿ ಏನಾದರೂ ಹೇಳಲೇಬೇಕಿತ್ತು. "ಪಕ್ಕದ ಮನೆ ಫಿಂಟನ್ ಇರಬೇಕು," ಎಂದುಬಿಟ್ಟಳು. "ಬರ್ತಾ ನನ್ ಜೊತೇಲೇ ಇದ್ದ. ನಾನು ತಟ್ಟೆ ಕೆಳಗಿಟ್ಟು ಬೂಟಿನ ಲೇಸ್ ಕಟ್ಕೊಂಡೆ. ಆಗ..."

ಗಲ್ಲಿಯಲ್ಲಿ ಏನು ಕಳೆದರೂ ಜನ ಮೊದಲು ನೋಡುವುದು ಐರ್ಲೆಂಡಿನಿಂದ ಬಂದ ಫಿಂಟನ್‌ನ ಡೇಸಿ ಕುಟುಂಬದ ಮನೆಯ ಕಡೆಗೇ. ಅಪ್ಪ ಇದ್ದ ಮಾಂಸವನ್ನು ತೆಳ್ಳಗೆ ಕೊಯ್ದು ಹಂಚಿದ. ತನ್ನ ತಟ್ಟೆಗೆ ಬರೀ ಮೂಳೆ ಹಾಕಿಕೊಂಡ.

ಮರುದಿನ ಶಾಲೆಗೆ ಹೊರಟಾಗ ಫಿಂಟನ್ ಡೇಸಿ ತನ್ನ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಅವನ ಒಂದು ಕಿವಿ ಕೆಂಪಗೆ ಊದಿತ್ತು. ಹೆಪ್ಸಿ ಕಾಣದವಳ ಹಾಗೆ ದಾಟಿಹೋಗಲು ನೋಡಿದಳು.

"ನಮ್ ಗೋಡೆ ಬಹಳ ತೆಳ್ಳಗಿದೆ ಕಣೇ," ಎಂದ ಅವನು. "ನಿಮ್ಮಮ್ಮ ಸೀನಿದ್ರೂ ನಮಗೆ ಕೇಳುತ್ತೆ."

ಹೆಪ್ಸಿಯ ಮುಖ ಬಿಸಿಯಾಯಿತು.

"ನಮ್ಮನೇದೂ ಕಮ್ಮಿ ಬಂದಿತ್ತು. ಅಮ್ಮ ಕಿವಿ ಹಿಂಡಿ ಕೇಳಿದ್ಲು, ಯಾರು ತಿಂದಿದ್ದು ಅಂತ. ನಾನು ನಿನ್ನ ಹೆಸರು ಹೇಳ್ಲಿಲ್ಲ."

ಅಷ್ಟು ಹೇಳಿ ಅವನು ಎದ್ದು ಅವಳ ಪಕ್ಕದಲ್ಲೇ ನಡೆದ. ಜಗಳ ಮಾಡಿದ್ದರೆ ಚೆನ್ನಾಗಿರುತ್ತಿತ್ತು ಎಂದು ಹೆಪ್ಸಿಗೆ ಅನಿಸಿತು. ಏನು ಹೇಳಬೇಕೋ ತಿಳಿಯದೆ ಅವಳು ಮಾಂಸದ ವಿಷಯವನ್ನೇ ಯೋಚಿಸಿದಳು.

ತಾನು ತಿಂದಿಲ್ಲ. ಫಿಂಟನ್ ತಿಂದಿಲ್ಲ. ಎರಡೂ ಮನೆಯದು ಕಮ್ಮಿಯಾಗಿದೆ. ಅಮ್ಮ ಒಮ್ಮೆ ಹಾಬ್‌ಡೇಯನ್ನು ಕೇಳಿದಾಗ, ಬೆಂದರೆ ಮಾಂಸ ಕುಗ್ಗುವುದು ಸಹಜ ಎಂದು ನಕ್ಕಿದ್ದ.

"ಕುಗ್ಗಿದ್ರೆ ಎಲ್ಲಾ ಕಡೆಯಿಂದಾನೂ ಕುಗ್ಗಬೇಕಲ್ವಾ?" ಎಂದಳು ಹೆಪ್ಸಿ. "ಕೆಳಗಡೆ ಮಾತ್ರ ಯಾಕೆ ಕುಗ್ಗುತ್ತೆ?"

ಫಿಂಟನ್ ನಿಂತ. "ಕೆಳಗಡೆ ಯಾರೂ ನೋಡಲ್ಲ, ಅದಕ್ಕೆ."

ಆ ವಾರ ಹೊಲಿಗೆ ಕ್ಲಾಸಿನಲ್ಲಿ ಹುಡುಗಿಯರು ಬಟ್ಟೆಯ ಮೇಲೆ ಅಕ್ಷರ ಹೊಲಿಯುತ್ತಿದ್ದರು. ಕೆಂಪು ನೂಲು, ನೀಲಿ ನೂಲು. ಎಷ್ಟು ಕುದಿಸಿದರೂ ಇದು ಬಣ್ಣ ಬಿಡುವುದಿಲ್ಲ ಎಂದು ಟೀಚರ್ ಮಿಸ್ ಐವಿಮಿ ಹೇಳಿದಾಗ ಹೆಪ್ಸಿಯ ಸೂಜಿ ಅಲ್ಲೇ ನಿಂತಿತು. ಸಂಜೆ ಎಲ್ಲರೂ ಎದ್ದ ಮೇಲೆ ಟೀಚರ್ ಡಬ್ಬಿಯಿಂದ ಎರಡೂ ಬಣ್ಣದ ನೂಲು ಸ್ವಲ್ಪ ಎಳೆದು ಜೇಬಿಗೆ ಹಾಕಿಕೊಂಡಳು. ಕೇಳುವ ಧೈರ್ಯ ಬರಲಿಲ್ಲ. ಕೇಳಿದರೆ ಯಾಕೆ ಎಂದು ಹೇಳಬೇಕಿತ್ತು.

ಭಾನುವಾರ ಬೆಳಿಗ್ಗೆ ನೀರಿನ ಪಂಪಿನ ಹಿಂದೆ ಫಿಂಟನ್ ಹಸಿ ಮಾಂಸವನ್ನು ಎತ್ತಿ ಹಿಡಿದ. ಹೆಪ್ಸಿ ಅಡಿಭಾಗಕ್ಕೆ ಆಳವಾಗಿ, ಒತ್ತೊತ್ತಾಗಿ ಅಡ್ಡಹೊಲಿಗೆ ಹಾಕಿದಳು. ತಮ್ಮ ಮನೆಯದಕ್ಕೆ ಕೆಂಪು, ಡೇಸಿಯವರದಕ್ಕೆ ನೀಲಿ. ಒಂದೊಂದು ಹೊಲಿಗೆಗೂ ಗಂಟು.

"ಬೇಗ ಮಾಡೇ. ಕುರಿಗೇನು ಲಂಗ ಹೊಲೀತಿದ್ದೀಯಾ?" ಎಂದ ಫಿಂಟನ್.

"ಅಲ್ಲಾಡಿಸ್ಬೇಡ. ನಿನ್ ಬೆರಳನ್ನೂ ಸೇರಿಸಿ ಹೊಲಿದುಬಿಡ್ತೀನಿ."

ಚರ್ಚ್ ಬಿಟ್ಟ ಮೇಲೆ ಇಬ್ಬರೂ ತಟ್ಟೆ ತರಲು ಹೋದಾಗ ಬೇಕರಿಯ ಪಕ್ಕದ ಬಾಗಿಲಲ್ಲಿ ಕಾನ್‌ಸ್ಟೇಬಲ್ ಪ್ರೌಟ್ ಹಿಟ್ಟಿನ ಮೂಟೆಯ ಮೇಲೆ ಕೂತು ಊಟ ಮಾಡುತ್ತಿದ್ದ. ಪ್ರತಿ ಭಾನುವಾರವೂ ಅವನು ಅಲ್ಲೇ ಕೂತಿರುತ್ತಿದ್ದ. ಯಾರೂ ಅದನ್ನು ಗಮನಿಸುತ್ತಿರಲಿಲ್ಲ, ಹೆಪ್ಸಿಯೂ ಗಮನಿಸಿರಲಿಲ್ಲ. ಇವತ್ತು ಅವನು ಅಗಿಯುವುದನ್ನು ನಿಲ್ಲಿಸಿ, ದಪ್ಪ ಮೀಸೆಯೊಳಗೆ ಎರಡು ಬೆರಳು ತೂರಿಸಿ ಏನನ್ನೋ ಎಳೆದ. ಕೆಂಪು ನೂಲು. ಅದನ್ನು ಒಮ್ಮೆ ನೋಡಿ ಪ್ಯಾಂಟಿಗೆ ಒರೆಸಿಕೊಂಡ.

"ಏನೇ ಹುಡುಗಿ, ಊಟ ಮಾಡೋರನ್ನ ನೋಡಿಲ್ವಾ?" ಎಂದ.

ಹೆಪ್ಸಿ ತಟ್ಟೆ ಹಿಡಿದು ಓಡುನಡಿಗೆಯಲ್ಲಿ ಬಂದಳು. ಗಲ್ಲಿಯ ತಿರುವಿನಲ್ಲಿ ಇಬ್ಬರೂ ಮಾಂಸವನ್ನು ಮಗುಚಿ ನೋಡಿದರು. ಒಂದರಲ್ಲೂ ನೂಲಿಲ್ಲ. ಅಡಿಭಾಗ ಚಪ್ಪಟೆ.

"ಪೊಲೀಸಿನ ಬಾಯಲ್ಲೇ ನೂಲು ಸಿಕ್ಕಿದ್ರೆ ದೂರು ಯಾರಿಗೆ ಕೊಡೋದು?" ಎಂದ ಫಿಂಟನ್.

ಹೆಪ್ಸಿ ಬೇರೆಯೇ ಯೋಚಿಸುತ್ತಿದ್ದಳು. ಇಡೀ ಗಲ್ಲಿಯ ತಟ್ಟೆಗಳು ಆ ಭಟ್ಟಿಗೇ ಹೋಗುತ್ತವೆ. ಒಂದೊಂದರಿಂದ ಒಂದು ಚೂರು ಕೊಯ್ದರೂ ಒಬ್ಬ ಪೊಲೀಸ್ ತಿಂದು ಮುಗಿಸುವಷ್ಟಲ್ಲ. ಉಳಿದದ್ದು ಎಲ್ಲಿಗೆ?

ಮನೆಯಲ್ಲಿ ಅಮ್ಮ ಈ ಸಲ ಬೈಯಲಿಲ್ಲ. ತುಂಡನ್ನು ಮಗುಚಿ ನೋಡಿ, ಮತ್ತೆ ಹಾಗೇ ಇಟ್ಟಳು. "ಮುಂದಿನ ವಾರದಿಂದ ತಟ್ಟೆ ನಾನೇ ತಗೊಂಡು ಹೋಗ್ತೀನಿ," ಎಂದಳು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಪೊಲೀಸಿನ ಮೀಸೆಯ ಮಾತು ಹೆಪ್ಸಿಯ ನಾಲಿಗೆಯ ತುದಿಯವರೆಗೆ ಬಂದು ವಾಪಸು ಹೋಯಿತು. ಅದನ್ನು ಯಾರು ನಂಬುತ್ತಾರೆ?

ಸೋಮವಾರ ಶಾಲೆಗೆ ಲೇಡಿ ಆರ್ಬರಿ ಬರುವವರಿದ್ದರು. ಬಡ ಮಕ್ಕಳಿಗೆ ಒಂದು ಪೆನ್ನಿ ಕಾಸಿಗೆ ಬಿಸಿ ಊಟ ಸಿಗುತ್ತಿದ್ದುದು ಅವರು ಕೊಡುತ್ತಿದ್ದ ಹಣದಿಂದಲೇ. ಆ ಊಟದ ಉಸ್ತುವಾರಿ ಮಿಸ್ಟರ್ ಲ್ಯಾವಿಂಗ್ಟನ್ ಎಂಬ ದೊಡ್ಡ ಮನುಷ್ಯರದು. ಬಿಳಿ ಕೈಗವಸು, ಬೆಳ್ಳಿ ಹಿಡಿಯ ಕೋಲು. ಮಕ್ಕಳೆಲ್ಲ ಉಜ್ಜಿ ಉಜ್ಜಿ ಮುಖ ತೊಳೆದುಕೊಂಡು, ಗೋಡೆಯ ಮೇಲಿನ ರಾಣಿಯ ಚಿತ್ರದ ಕೆಳಗೆ ಬೆಂಚುಗಳಲ್ಲಿ ಕೂತಿದ್ದರು. ಬಡಿಸುವ ಸರದಿ ಹೆಪ್ಸಿಯ ಕ್ಲಾಸಿನದು.

ಊಟಕ್ಕೆ ಎಂದಿನಂತೆ ಮಾಂಸದ ಕಡುಬು. ಎದುರಿನ ಹಾಬ್‌ಡೇ ಬೇಕರಿಯಿಂದಲೇ ಬಂದದ್ದು. ಮಿಸ್ಟರ್ ಲ್ಯಾವಿಂಗ್ಟನ್ ಒತ್ತಾಯ ಮಾಡಿದ್ದರಿಂದ ಲೇಡಿ ಆರ್ಬರಿ ತಾವೂ ಒಂದು ತುಂಡು ಬಾಯಿಗಿಟ್ಟರು. ಅಗಿದರು. ಮತ್ತೆ ಅಗಿದರು. ಆಮೇಲೆ ತುಟಿಗೆ ಕೈ ಅಡ್ಡ ಹಿಡಿದು ಏನನ್ನೋ ಹೊರಗೆ ತೆಗೆದರು.

ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದ ಹೆಪ್ಸಿಗೆ ಅದು ಕಾಣಿಸಿತು. ಮಾಂಸದ ಚೂರು, ಅದರಲ್ಲಿ ಕೆಂಪು ಅಡ್ಡಹೊಲಿಗೆ.

ಅಡುಗೆಯವರ ಕೊಳಕುತನ ಎಂದು ಮಿಸ್ಟರ್ ಲ್ಯಾವಿಂಗ್ಟನ್ ಮೆಲ್ಲಗೆ ಕ್ಷಮೆ ಕೇಳಿದರು. ಲೇಡಿ ಆರ್ಬರಿ ಸಭೆಯ ಮುಂದೆ ಗಲಾಟೆ ಬೇಡವೆಂದೋ ಏನೋ, ಅದನ್ನು ಕರವಸ್ತ್ರದಲ್ಲಿ ಮಡಿಸತೊಡಗಿದರು. ಇನ್ನೊಂದು ಮಡಿಕೆ ಬಿದ್ದರೆ ಎಲ್ಲ ಮುಗಿಯಿತು. ಅಮ್ಮ ಇನ್ನೆಂದೂ ತಟ್ಟೆ ಕೊಡುವುದಿಲ್ಲ.

"ಅದು ನಂದು, ಮೇಡಂ," ಎಂದಳು ಹೆಪ್ಸಿ.

ಮಿಸ್ಟರ್ ಲ್ಯಾವಿಂಗ್ಟನ್ ಕೋಲನ್ನು ನೆಲಕ್ಕೆ ಕುಟ್ಟಿದರು. "ಈ ಹುಡುಗೀನ ಆಚೆ ಕಳಿಸಿ."

ಅಷ್ಟರಲ್ಲಿ ಕೊನೆಯ ಬೆಂಚಿನಿಂದ ಒಂದು ಸಣ್ಣ ಮಗು ಕೈ ಎತ್ತಿ ಹೇಳಿತು. "ಟೀಚರ್, ನಂಗೆ ನೀಲಿದು ಸಿಕ್ತು."

"ನೀಲಿ ನಮ್ಮನೇದು," ಎಂದು ಫಿಂಟನ್ ಎದ್ದು ನಿಂತ.

ಮಕ್ಕಳು ಗೊಳ್ಳೆಂದು ನಕ್ಕರು. ಮಿಸ್ ಐವಿಮಿ ನಗಲಿಲ್ಲ. ಹೆಪ್ಸಿಯ ಹತ್ತಿರ ಬಂದು ನಿಂತು, ನಿಧಾನವಾಗಿ ಹೇಳು ಎಂದರು. ಹೆಪ್ಸಿ ಎಲ್ಲವನ್ನೂ ಹೇಳಿದಳು. ಚಪ್ಪಟೆ ಮಾಂಸ, ಪಂಪಿನ ಹಿಂದಿನ ಹೊಲಿಗೆ, ಪೊಲೀಸಿನ ಮೀಸೆ. ಕೊನೆಗೆ ಎಲ್ಲಕ್ಕಿಂತ ಕಷ್ಟದ್ದನ್ನೂ ಹೇಳಿದಳು. "ನೂಲು ನಿಮ್ಮ ಡಬ್ಬೀದೇ, ಟೀಚರ್. ಕೇಳದೆ ತಗೊಂಡೆ."

ಟೀಚರ್ ಕರವಸ್ತ್ರದೊಳಗಿನ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು. "ನೂಲು ನಮ್ಮದೇ," ಎಂದು ಲೇಡಿ ಆರ್ಬರಿಗೆ ಹೇಳಿದರು. "ಗಂಟು ಹಾಕೋದನ್ನ ಕಲಿಸಿದವಳೂ ನಾನೇ."

ಹಾಬ್‌ಡೇಗೆ ಹೇಳಿಕಳಿಸಿದರು. ಅವನು ಹಿಟ್ಟಿನ ಕೈಯಲ್ಲೇ ಬಂದ. ಯಾವುದೋ ಮಗುವನ್ನು ಹಿಡಿದುಕೊಂಡು ಹೋಗಬೇಕೆಂದು ತಿಳಿದು ಕಾನ್‌ಸ್ಟೇಬಲ್ ಪ್ರೌಟ್ ಕೂಡ ಹಿಂದೆಯೇ ಬಂದ. ಮೀಸೆಯ ಮಾತು ಬಂದಾಗ ಅವನ ಕೈ ತಾನಾಗಿಯೇ ಮೀಸೆಗೆ ಹೋಯಿತು. ಅದನ್ನು ಎಲ್ಲರೂ ನೋಡಿದರು.

ಹಾಬ್‌ಡೇ ಮೊದಲು ಬೆವರಿದ, ಆಮೇಲೆ ಸಿಟ್ಟಾದ. "ಎಲ್ಲಾ ನನ್ನೊಬ್ಬನನ್ನೇ ಯಾಕೆ ನೋಡ್ತೀರಿ? ಕಡುಬು ಮಾಡು, ಮಾಂಸಕ್ಕೆ ಕಾಸು ಕೇಳ್ಬೇಡ, ಎಲ್ಲಿಂದಾದ್ರೂ ತಾ ಅಂದವರು ಯಾರು? ಹೇಳಿ ಸ್ವಾಮಿ."

ಲೇಡಿ ಆರ್ಬರಿ ತಮ್ಮ ಪಕ್ಕದ ಕುರ್ಚಿಯ ಕಡೆ ತಿರುಗಿದರು. "ನಾನು ಮಾಂಸಕ್ಕೆ ಅಂತಾನೇ ಕೊಡ್ತಿದ್ದ ಹಣ ಏನಾಯ್ತು, ಮಿಸ್ಟರ್ ಲ್ಯಾವಿಂಗ್ಟನ್?"

ಮಿಸ್ಟರ್ ಲ್ಯಾವಿಂಗ್ಟನ್ ತಮ್ಮ ಬಿಳಿ ಕೈಗವಸಿನ ಗುಂಡಿಯನ್ನು ಹಾಕಿಕೊಳ್ಳತೊಡಗಿದರು. ಅದು ಆಗಲೇ ಹಾಕಿತ್ತು.

"ಅಂದ್ರೆ ನಮ್ಮ ಮಾಂಸಾನೇ ಕೊಯ್ದು ನಮಗೇ ಒಂದು ಪೆನ್ನಿ ಕಾಸಿಗೆ ಮಾರ್ತಿದ್ರು," ಎಂದು ಫಿಂಟನ್ ಪಕ್ಕದವನಿಗೆ ಹೇಳಿದ್ದು ಇಡೀ ಹಾಲ್‌ಗೆ ಕೇಳಿಸಿತು. ಈ ಸಲ ಯಾರೂ ನಗಲಿಲ್ಲ.

ಆ ಸುದ್ದಿ ಹೆಪ್ಸಿಗಿಂತ ಮೊದಲೇ ಗಲ್ಲಿಗೆ ಮುಟ್ಟಿತ್ತು. ಪಂಪಿನ ಹತ್ತಿರ ಹೆಂಗಸರು ಗುಂಪಾಗಿ ನಿಂತಿದ್ದರು. ಪ್ರತಿ ಮನೆಯಲ್ಲೂ ಯಾವುದೋ ಒಂದು ಮಗು ಬೈಸಿಕೊಂಡಿತ್ತಂತೆ, ಯಾರೂ ಇನ್ನೊಬ್ಬರಿಗೆ ಹೇಳಿಕೊಂಡಿರಲಿಲ್ಲವಂತೆ. ಹಾಬ್‌ಡೇಗೆ ಕೋರ್ಟಿನಲ್ಲಿ ಶಿಕ್ಷೆಯಾಯಿತು. ಪ್ರೌಟನ ಪೊಲೀಸ್ ಅಂಗಿ ಹೋಯಿತು. ಮಿಸ್ಟರ್ ಲ್ಯಾವಿಂಗ್ಟನ್‌ಗೆ ಮೈ ಹುಷಾರಿಲ್ಲವೆಂದೂ, ಸಮುದ್ರದ ಗಾಳಿಗೆ ಹೋಗಿದ್ದಾರೆಂದೂ ಹೇಳಿದರು. ಅವರಿಗೆ ಮಾತ್ರ ಯಾಕೆ ಗಾಳಿ ಎಂದು ಹೆಪ್ಸಿ ಕೇಳಿದಾಗ ಅಪ್ಪ ಬರೀ ಪೈಪಿನ ಹೊಗೆ ಬಿಟ್ಟ. ಮಿಸ್ ಐವಿಮಿ ನೂಲಿಗೆ ಬದಲಾಗಿ ಒಂದು ಸಂಜೆ ಹೆಪ್ಸಿಯನ್ನು ಕೂರಿಸಿ ಅವಳ ಕೈಯಿಂದ ಡಬ್ಬಿಯ ನೂಲಿನ ಸಿಕ್ಕು ಬಿಡಿಸಿದರು. ಹೋಗುವಾಗ ಒಂದು ಕೆಂಪು ನೂಲಿನ ಉಂಡೆ ಅವಳ ಕೈಗಿಟ್ಟರು.

ಸುದ್ದಿ ಮುಟ್ಟಿದ ಆ ರಾತ್ರಿ ಹೆಪ್ಸಿಯ ತಲೆ ಬಾಚುವಾಗ ಅಮ್ಮನ ಕೈ ಬಹಳ ಮೆತ್ತಗಿತ್ತು, ಬಹಳ ಹೊತ್ತು ಬಾಚಿದಳು.

ಭಾನುವಾರ ಬಂತು. ಈಗ ಭಟ್ಟಿ ನೋಡಿಕೊಳ್ಳುವವಳು ಹಾಬ್‌ಡೇಯ ಅತ್ತಿಗೆ. ಎಲ್ಲರಿಗೂ ಕಾಣಲಿ ಎಂದು ಬಾಗಿಲು ತೆರೆದೇ ಇಟ್ಟಿದ್ದಳು. ಅಮ್ಮ ತಟ್ಟೆಯ ಮೇಲೆ ಬಟ್ಟೆ ಮುಚ್ಚಿ ಹೆಪ್ಸಿಯ ಕೈಗಿಟ್ಟಳು. "ಬರೋವಾಗ ಸುಡುತ್ತೆ, ಬಟ್ಟೆ ಮಡಿಸಿ ಹಿಡ್ಕೋ," ಎಂದಳು, ಅಷ್ಟೇ. ಹೆಪ್ಸಿ ಹೊರಗೆ ಬಂದು ತಿರುಗಿ ನೋಡಿದಳು. ಕಿಟಕಿಯಲ್ಲಿ ಯಾರೂ ಇರಲಿಲ್ಲ. ಒಳಗೆ ಅಮ್ಮ ವಿಲ್ಫ್‌ನಿಗೆ ಏನೋ ಹೇಳಿ ನಗುತ್ತಿದ್ದಳು.

ಎದೆ ಹಗುರಾಯಿತು. ಓಡಬೇಕೆನಿಸಿತು. ಆದರೆ ಪಕ್ಕದ ಮನೆಯ ಮೆಟ್ಟಿಲ ಹತ್ತಿರ ಅವಳ ಕಾಲು ತಾನಾಗಿ ನಿಂತಿತು. ಇಡೀ ಗಲ್ಲಿ ಅವಳನ್ನು ಹೊಗಳಿತ್ತು. ತೆಳ್ಳನೆಯ ಗೋಡೆಯಾಚೆ ಫಿಂಟನ್ ಕೇಳಿಸಿಕೊಂಡ ಮಾತು ಮಾತ್ರ ಹಾಗೇ ಉಳಿದಿತ್ತು.

ಫಿಂಟನ್ ತಟ್ಟೆ ಹಿಡಿದು ಹೊರಗೆ ಬಂದ. ಅವನ ಕಿವಿ ಈಗ ಸರಿಯಾಗಿತ್ತು.

"ನನ್ನದು ನೀನು ಹಿಡ್ಕೋ," ಎಂದಳು ಹೆಪ್ಸಿ. "ನಿಂದು ನಂಗೆ ಕೊಡು."

ಅವನು ಅವಳ ಮುಖ ನೋಡಿದ. ಯಾಕೆ ಎಂದು ಕೇಳಲಿಲ್ಲ. ತಟ್ಟೆಗಳು ಕೈ ಬದಲಾದವು. ಬರುವಾಗಲೂ ಹಾಗೇ ಬದಲಿಸಿಕೊಂಡರು. ಬಟ್ಟೆಯ ಸಂದಿನಿಂದ ಹಬೆ ಏಳುತ್ತಿತ್ತು.

"ನಿಮ್ಮದು ಭಾರ ಇದೆ ಕಣೇ," ಎಂದ ಫಿಂಟನ್.

"ಇವತ್ತು ಪೂರ್ತಿ ಇದೆ," ಎಂದಳು ಹೆಪ್ಸಿ.

ಗಲ್ಲಿಯ ತಿರುವಿನಲ್ಲಿ ಅವಳ ಬೂಟಿನ ಲೇಸ್ ಬಿಚ್ಚಿಕೊಂಡಿತು. ಅವಳು ಡೇಸಿಯವರ ತಟ್ಟೆಯನ್ನು ಕೆಳಗಿಟ್ಟು, ನಿಧಾನವಾಗಿ ಬಗ್ಗಿ, ಎರಡು ಗಂಟು ಹಾಕಿದಳು. ಫಿಂಟನ್‌ನ ಕೈಲಿದ್ದ ತಮ್ಮ ತಟ್ಟೆಯ ಕಡೆ ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲ.